ಹಳೆಯ ಕ್ಯಾಮೆರಾದ ಬೆಳಕಿನ ಲೆಕ್ಕ

ಹಳೆಯ ಡಿಜಿಟಲ್ ಕ್ಯಾಮೆರಾವೊಂದು ಕೈಗೆ ಬಂದರೆ, ಅದರಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂದೇ ನಾವು ಮೊದಲು ಕೇಳುತ್ತೇವೆ. ಒಂದೊಂದು ಪಿಕ್ಸೆಲ್ ಎಷ್ಟು ಬೆಳಕನ್ನು ಸಂಗ್ರಹಿಸಬಲ್ಲುದೆಂಬುದನ್ನೂ ಕೇಳಬೇಕು.

ವೃತ್ತಿನಿರತ ಛಾಯಾಗ್ರಾಹಕರಿಗಾಗಿ 2007ರಲ್ಲಿ ಹೊರಬಂದ ನಿಕಾನ್ ಡಿ3 ಕ್ಯಾಮೆರಾವನ್ನು ಪರಿಶೀಲಿಸೋಣ. ಇದರಲ್ಲಿ ಬೆಳಕನ್ನು ಗ್ರಹಿಸುವ ಫಲಕದ ಅಗಲ 36 ಮಿಲಿಮೀಟರ್. ಆ ಅಗಲದಲ್ಲಿ 4,256 ಪಿಕ್ಸೆಲ್‌ಗಳೂ ಎತ್ತರದಲ್ಲಿ 2,832 ಪಿಕ್ಸೆಲ್‌ಗಳೂ ಇವೆ. ಒಟ್ಟು ಸುಮಾರು 1.2 ಕೋಟಿ. ಭಾಗಿಸಿ ನೋಡಿದರೆ ಒಂದು ಪಿಕ್ಸೆಲಿನ ಅಗಲ ಸುಮಾರು 8.5 ಮೈಕ್ರೋಮೀಟರ್. ಒಂದು ಮೈಕ್ರೋಮೀಟರ್ ಅಗಲದ ಪಿಕ್ಸೆಲಿಗಿಂತ ಇದರ ವಿಸ್ತೀರ್ಣ 70 ಪಟ್ಟಿಗೂ ಮಿಗಿಲು. ಮಳೆಯಲ್ಲಿಟ್ಟ ಲೋಟಕ್ಕಿಂತ ಕೊಪ್ಪರಿಗೆಗೆ ಹೆಚ್ಚು ನೀರು ಬೀಳುವಂತೆ, ದೊಡ್ಡ ಪಿಕ್ಸೆಲಿಗೆ ಹೆಚ್ಚು ಬೆಳಕು ದೊರೆಯುತ್ತದೆ. ಆದುದರಿಂದಲೇ ಮಂದ ಬೆಳಕಿನಲ್ಲಿಯೂ ಇದು ಒಳ್ಳೆಯ ಚಿತ್ರ ಕೊಡುತ್ತದೆ.

ಪಿಕ್ಸೆಲ್‌ಗಳ ಸಂಖ್ಯೆ ಸಾಲದೆ? ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ ಮುದ್ರಿಸಿದರೂ 14 ಅಂಗುಲ ಅಗಲದ ಚಿತ್ರ ದೊರೆಯುವುದು. ಗೋಡೆಗೆ ತೂಗುಹಾಕಲು ಅಷ್ಟು ಸಾಕು.

ಆದರೆ ಒಂದು ಎಚ್ಚರಿಕೆ ಅಗತ್ಯ. ಕೊಪ್ಪರಿಗೆ ತುಂಬಿದ ಮೇಲೆ ಬಿದ್ದ ನೀರು ಅಳತೆಗೆ ಸಿಕ್ಕದು. ಅಂತೆಯೇ ಬೆಳಕು ಮಿತಿಮೀರಿದ ಭಾಗ ಬರಿಯ ಬಿಳುಪಾಗುತ್ತದೆ. ಅಲ್ಲಿ ಅಳಿದ ವಿವರಗಳನ್ನು ಮರಳಿ ತರುವ ಉಪಾಯವಿಲ್ಲ. ಬಿಸಿಲಿನಲ್ಲಿ ಚಿತ್ರ ತೆಗೆಯುವಾಗ ಬೆಳಕನ್ನು ತುಸು ಕಡಿಮೆ ಮಾಡುವುದೇ ಜಾಣತನ.

ಉಪಕರಣದ ವಯಸ್ಸಿಗಿಂತ ಅದರ ಶಕ್ತಿ ಮತ್ತು ಮಿತಿಗಳನ್ನು ಅರಿಯುವುದು ಮುಖ್ಯ.