ಮಾತು ಮತ್ತು ಮಾತನಾಡುವವರ ಅರ್ಹತೆ: ಬಾನು ಮುಷ್ತಾಕ್ ಎದುರಿಸಿದ ಎರಡು ವಿರೋಧಗಳು

ಹಾಸನ ಜಿಲ್ಲೆಯ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವವರು ರುದ್ರಪಟ್ಟಣದ ಸಂಗೀತ ಪರಂಪರೆಯನ್ನೂ ಗೊರೂರರ ಪ್ರಬಂಧಗಳನ್ನೂ ಮರೆಯದೆ ದಾಖಲಿಸುತ್ತಾರೆ. ಅದೇ ನೆಲದ ವಾಗ್ವಾದಗಳು ಮಾತ್ರ ಪತ್ರಿಕಾ ವರದಿಗಳಲ್ಲಿಯೇ ಉಳಿದುಬಿಡುತ್ತವೆ. ಹಾಸನದಲ್ಲಿ 1948ರಲ್ಲಿ ಜನಿಸಿದ ಬಾನು ಮುಷ್ತಾಕ್ ಅವರು 25 ವರ್ಷಗಳ ಅಂತರದಲ್ಲಿ ಎದುರಿಸಿದ ಎರಡು ವಿರೋಧಗಳನ್ನು ಜೊತೆಗಿರಿಸಿ ನೋಡಿದಾಗ, ಪೂರ್ವಗ್ರಹವು ವಾದದ ವೇಷವನ್ನು ಧರಿಸುವ ಬಗೆ ಗೋಚರಿಸುತ್ತದೆ.

ಮೊದಲನೆಯದು 2000ದ ಪ್ರಸಂಗ. ಮುಸ್ಲಿಂ ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿರಬೇಕೆಂದು ಅವರು ಪ್ರತಿಪಾದಿಸಿದಾಗ ಅವರಿಗೂ ಅವರ ಕುಟುಂಬಕ್ಕೂ ಸಾಮಾಜಿಕ ಬಹಿಷ್ಕಾರ ಒದಗಿತು. ಬೆದರಿಕೆಯ ಕರೆಗಳು ಬಂದವು. ಚಾಕುವಿನಿಂದ ಹಲ್ಲೆಗೂ ಯತ್ನ ನಡೆಯಿತು. ಮಸೀದಿ ಪ್ರವೇಶದ ಬಗ್ಗೆ ಧರ್ಮಗ್ರಂಥ ಏನು ಹೇಳುತ್ತದೆ ಎಂಬ ಚರ್ಚೆ ಇಲ್ಲಿ ಸಾಧ್ಯವಿತ್ತು. ಬಹಿಷ್ಕಾರವು ಆ ಚರ್ಚೆಯನ್ನು ಬದಿಗೊತ್ತಿ, ಆಡಿದವಳನ್ನೇ ಸಮುದಾಯದ ಹೊರಗಿರಿಸಲು ಹವಣಿಸಿತು.

ಈ ಹಿನ್ನೆಲೆಯಲ್ಲಿ ‘ಕರಿ ನಾಗರಗಳು’ ಕಥೆ ವಿಶೇಷ ಗಮನಕ್ಕೆ ಅರ್ಹವಾಗಿದೆ. 2004ರಲ್ಲಿ ಗಿರೀಶ್ ಕಾಸರವಳ್ಳಿ ಅವರು ತೆರೆಗೆ ತಂದ ‘ಹಸೀನಾ’ ಚಿತ್ರಕ್ಕೆ ಇದೇ ಆಧಾರ. ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡನಿಂದ ಪರಿತ್ಯಕ್ತಳಾದ ಬಡ ತಾಯಿ ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಬಾಗಿಲಿಗೆ ಬರುತ್ತಾಳೆ. ಓದಿಕೊಂಡ ಜುಲೇಖಾ ಬೇಗಂ ಅವಳಿಗೆ ಧರ್ಮವೇ ಕೊಟ್ಟಿರುವ ಹಕ್ಕುಗಳನ್ನು ತಿಳಿಸುತ್ತಾಳೆ. ಅಂದರೆ ವಾದವು ಹೊರಗಿನ ಮೌಲ್ಯಗಳಿಂದಲ್ಲ, ಮುತವಲ್ಲಿಯೇ ಒಪ್ಪಬೇಕಾದ ಪ್ರಮಾಣದಿಂದ ಹೊರಡುತ್ತದೆ. ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯೂ ವಕೀಲೆಯೂ ಆಗಿದ್ದ ಲೇಖಕಿಯ ಅನುಭವ ಇಲ್ಲಿ ಕೆಲಸ ಮಾಡಿದಂತಿದೆ. ಜುಲೇಖಾಳ ಮಾತು ಕೆಲವೆಡೆ ಉಪನ್ಯಾಸದ ಧಾಟಿಗೆ ಜಾರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಕಥೆ ಆ ವಾದವನ್ನು ಗೆಲ್ಲಿಸುವುದಿಲ್ಲ ಎಂಬುದೇ ಮುಖ್ಯ. ಪ್ರಮಾಣ ಸರಿಯಾಗಿದ್ದರೂ ಕೇಳುವ ಕಿವಿಯಿಲ್ಲ, ಮಗು ಸಾಯುತ್ತದೆ. ಅನಂತರ ಮುತವಲ್ಲಿಯನ್ನು ಅಧೀರನನ್ನಾಗಿಸುವುದು ಓಣಿಯ ಹೆಂಗಸರ ಶಾಪ, ಕೊನೆಗೆ ಅವನ ಹೆಂಡತಿ ಅಮೀನಾ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆಗೆಂದು ತಾನಾಗಿಯೇ ಹೊರಡುವುದು.

ಎರಡನೆಯ ವಿರೋಧ ಮತ್ತೊಂದು ದಿಕ್ಕಿನದು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಳಿಕ, ಅದೇ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ರಾಜ್ಯ ಸರ್ಕಾರ ಲೇಖಕಿಯನ್ನು ಆಹ್ವಾನಿಸಿತು. ಕನ್ನಡವನ್ನು ಭುವನೇಶ್ವರಿಯಾಗಿಸಿದ್ದರಿಂದ ತಮ್ಮಂಥವರು ಹೊರಗುಳಿದ ಬಗ್ಗೆ 2023ರ ಜನಸಾಹಿತ್ಯ ಸಮ್ಮೇಳನದಲ್ಲಿ ಅವರಾಡಿದ ಮಾತಿನ ತುಣುಕು ಆಗ ಮತ್ತೆ ಹರಿದಾಡಿತು. ಆ ಮಾತನ್ನು ಒಪ್ಪದಿರುವುದು ನ್ಯಾಯವಾದ ಭಿನ್ನಮತವೇ. ಭಾಷೆಯನ್ನು ತಾಯಿಯೆಂದು ಕಾಣುವ ಕನ್ನಡದ ದೀರ್ಘ ಪರಂಪರೆಯನ್ನು ಮುಂದಿಟ್ಟು ಅದಕ್ಕೆ ಉತ್ತರಿಸಬಹುದಾಗಿತ್ತು. 2017ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರು ದಸರಾ ಉದ್ಘಾಟಿಸಿದ್ದನ್ನು ನೆನಪಿಸಿದಾಗ, ತಮ್ಮ ಆಕ್ಷೇಪ ಧರ್ಮದ ಬಗ್ಗೆಯಲ್ಲ, ಅಭಿಪ್ರಾಯದ ಬಗ್ಗೆ ಎಂದು ವಿರೋಧಿಗಳಲ್ಲಿ ಹಲವರು ಹೇಳಿದ್ದುಂಟು. ಆದರೆ ನ್ಯಾಯಾಲಯದ ಮೆಟ್ಟಿಲೇರಿದಾಗ ಪ್ರಶ್ನೆ ಮತ್ತೆ ಧರ್ಮದ್ದೇ ಆಯಿತು. ಒಂದು ಧರ್ಮದವರ ಆಚರಣೆಯಲ್ಲಿ ಬೇರೊಂದು ಧರ್ಮದವರು ಪಾಲ್ಗೊಳ್ಳುವುದರಿಂದ ಸಾಂವಿಧಾನಿಕ ಹಕ್ಕಿಗೆ ಧಕ್ಕೆಯಿಲ್ಲವೆಂದು ಉಚ್ಚ ನ್ಯಾಯಾಲಯ ಸೆಪ್ಟೆಂಬರ್ 15ರಂದು ಅರ್ಜಿಗಳನ್ನು ವಜಾಗೊಳಿಸಿತು. 19ರಂದು ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲು ನಿರಾಕರಿಸಿತು. 22ರಂದು ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಪುಷ್ಪಾರ್ಚನೆ ಮಾಡಿ ದಸರಾ ಉದ್ಘಾಟಿಸಿದರು.

ಈ ಎರಡು ಪ್ರಸಂಗಗಳು ಸಮಾನವಲ್ಲ. ಒಂದರಲ್ಲಿ ಪ್ರಾಣಭಯವಿತ್ತು, ಇನ್ನೊಂದರಲ್ಲಿ ಕಾನೂನಿನ ರಕ್ಷಣೆಯಿತ್ತು. ಎರಡರಲ್ಲಿಯೂ ಹೇಳಿಕೆಯ ಸತ್ಯಾಸತ್ಯತೆಯಿಂದ ಹೇಳಿದವಳ ಅರ್ಹತೆಯ ಕಡೆಗೆ ಚರ್ಚೆ ಸರಿದದ್ದು ಮಾತ್ರ ಒಂದೇ ರೀತಿ. ಅವರನ್ನು ‘ದಿಟ್ಟ ಲೇಖಕಿ’ ಎಂದು ಕರೆದು ಮುಗಿಸುವ ವಿಮರ್ಶೆಯೂ, ಹೊಗಳಿಕೆಯ ನೆಪದಲ್ಲಿ, ಅದೇ ಜಾಡನ್ನು ತುಳಿಯುತ್ತದೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯ ಹೆಸರಿಲ್ಲದ ನಿರೂಪಕಿ ಗಂಡನಿಗಾಗಲಿ ಮುತವಲ್ಲಿಗಾಗಲಿ ಏನನ್ನೂ ವಿವರಿಸಲು ಹೋಗುವುದಿಲ್ಲ. ತನ್ನ ಅಹವಾಲನ್ನು ನೇರವಾಗಿ ದೇವರ ಮುಂದಿಡುತ್ತಾಳೆ.