ಲಿನಕ್ಸ್ ನಿರ್ವಾಹಕರ ಪರೀಕ್ಷೆ: ಅಭ್ಯಾಸದ ಕ್ರಮ

ವಿಜ್ಞಾನದ ವಿದ್ಯಾರ್ಥಿಗಳಿಗೆ ಎರಡು ಬಗೆಯ ಪರೀಕ್ಷೆಗಳ ಪರಿಚಯ ಉಂಟು. ಪ್ರಶ್ನಪತ್ರಿಕೆಗೆ ಉತ್ತರ ಬರೆಯುವುದು ಒಂದು. ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಜೋಡಿಸಿ ಫಲಿತವನ್ನು ತೋರಿಸುವುದು ಇನ್ನೊಂದು. ಓಮನ ನಿಯಮವನ್ನು ನಿರರ್ಗಳವಾಗಿ ಒಪ್ಪಿಸಬಲ್ಲ ವಿದ್ಯಾರ್ಥಿಯು ಮಂಡಲದಲ್ಲಿ ಅಮ್ಮೀಟರನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ ನಿಲ್ಲುವುದನ್ನು ನಾವು ಕಾಣುತ್ತೇವೆ. ಗಣಕಯಂತ್ರಗಳ ನಿರ್ವಹಣೆಯನ್ನು ವೃತ್ತಿಯಾಗಿ ಕೈಕೊಳ್ಳಬಯಸುವವರಿಗೂ ಈ ಎರಡು ಬಗೆಯ ಪರೀಕ್ಷೆಗಳಿವೆ. ಅವುಗಳಿಗೆ ಸಿದ್ಧವಾಗುವ ಕ್ರಮವನ್ನು, ಮೂಲತತ್ತ್ವಗಳೊಡನೆ, ಈ ಲೇಖನದಲ್ಲಿ ವಿಚಾರಮಾಡೋಣ.

ಲಿನಕ್ಸ್ ಎಂದರೇನು?

ಗಣಕಯಂತ್ರದ ಸ್ಮೃತಿ, ತಟ್ಟೆ, ಕೀಲಿಮಣೆ ಮೊದಲಾದ ಅಂಗಗಳನ್ನು ಹತೋಟಿಯಲ್ಲಿಟ್ಟು, ಉಳಿದ ಕಾರ್ಯಕ್ರಮಗಳಿಗೆ ಅವುಗಳ ಸೇವೆಯನ್ನು ಹಂಚಿಕೊಡುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಅಥವಾ ತಿರುಳು ಎಂದು ಹೆಸರು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯೂನಿಕ್ಸ್ ವ್ಯವಸ್ಥೆಯ ಮಾದರಿಯನ್ನು ಅನುಸರಿಸಿ, ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಇಂಥ ಒಂದು ತಿರುಳನ್ನು ರಚಿಸಿ ಪ್ರಕಟಿಸಿದನು. ಆಗ ಅವನಿಗೆ ೨೧ ವರ್ಷ. ಅದೇ ಲಿನಕ್ಸ್. ಲೋಕದ ಅತಿ ಸಮರ್ಥವಾದ ೫೦೦ ಗಣಕಯಂತ್ರಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಈಚೆಗೆ ಇರುವುವೆಲ್ಲ ಲಿನಕ್ಸಿನಿಂದಲೇ ನಡೆಯುತ್ತಿವೆ. ಆಂಡ್ರಾಯ್ಡ್ ದೂರವಾಣಿಗಳ ಒಳಗಿನ ತಿರುಳೂ ಅದೇ.

ಪರೀಕ್ಷೆಗಳ ಸ್ವರೂಪ

ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ನಡೆಸುವ ಎಲ್.ಪಿ.ಐ.ಸಿ.-೧ ಪ್ರಮಾಣಪತ್ರಕ್ಕೆ ೧೦೧ ಮತ್ತು ೧೦೨ ಎಂಬ ಎರಡು ಪತ್ರಿಕೆಗಳಲ್ಲಿ ತೇರ್ಗಡೆಯಾಗಬೇಕು. ಒಂದೊಂದರಲ್ಲಿಯೂ ೬೦ ಪ್ರಶ್ನೆಗಳು. ಅವಧಿ ೯೦ ನಿಮಿಷ. ಸರಿಯಾದ ಉತ್ತರವನ್ನು ಆರಿಸುವುದು, ಬಿಟ್ಟ ಸ್ಥಳವನ್ನು ತುಂಬುವುದು, ಇವೇ ಅಲ್ಲಿನ ಕೆಲಸ. ರೆಡ್ ಹ್ಯಾಟ್ ಸಂಸ್ಥೆಯ ಆರ್.ಎಚ್.ಸಿ.ಎಸ್.ಎ. ಪರೀಕ್ಷೆಯು ಬೇರೆ ಬಗೆಯದು. ಅಲ್ಲಿ ಅಭ್ಯರ್ಥಿಯ ಮುಂದೆ ನಿಜವಾಗಿ ಓಡುತ್ತಿರುವ ಯಂತ್ರವನ್ನಿಟ್ಟು ಮಾಡಬೇಕಾದ ಕೆಲಸಗಳನ್ನು ಕೊಡುತ್ತಾರೆ. ಪುಸ್ತಕವಿಲ್ಲ, ಅಂತರಜಾಲವಿಲ್ಲ. ಯಂತ್ರದೊಳಗೆ ಅಡಕವಾಗಿರುವ ಕೈಪಿಡಿಯನ್ನು ಮಾತ್ರ ನೋಡಬಹುದು. ಮಾಡಿದ ಏರ್ಪಾಡುಗಳೆಲ್ಲ ಯಂತ್ರವನ್ನು ಮತ್ತೆ ಚಾಲನೆಗೊಳಿಸಿದ ಮೇಲೂ ತಾವಾಗಿಯೇ ಉಳಿದಿರತಕ್ಕದ್ದು ಎಂಬುದು ಅಲ್ಲಿನ ನಿಯಮ. ಬರಿಯ ಕಂಠಪಾಠದಿಂದ ಇದನ್ನು ದಾಟುವುದು ಅಸಾಧ್ಯ.

ಹೀಗೇಕೆ ಕಟ್ಟುನಿಟ್ಟು? ಆಸ್ಪತ್ರೆಯ ರೋಗಿಗಳ ವಿವರ, ಬ್ಯಾಂಕಿನ ಲೆಕ್ಕ, ವಿದ್ಯಾರ್ಥಿಗಳ ಅಂಕಗಳು, ಇವೆಲ್ಲ ನಿರ್ವಾಹಕನ ವಶದಲ್ಲಿರುತ್ತವೆ. ಅವನು ಒಂದು ಅಂಕಿಯನ್ನು ತಪ್ಪಿ ಬರೆದರೆ, ಕಾಣಬಾರದವರಿಗೆ ಕಡತ ಕಂಡೀತು. ಅಥವಾ ಮರುದಿನ ಬೆಳಗ್ಗೆ ಯಂತ್ರವೇ ಏಳದೆ ಹೋದೀತು. ಈ ಎರಡು ಅಪಾಯಗಳ ಮೂಲವನ್ನು ಅರಿತರೆ ಪಠ್ಯದ ಬಹುಭಾಗ ಸುಗಮವಾಗುತ್ತದೆ.

ಅನುಮತಿಯ ಅಂಕಿಗಳು

ಲಿನಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಒಡೆಯನೊಬ್ಬನು, ಗುಂಪೊಂದು, ಮಿಕ್ಕವರೆಲ್ಲ ಇತರರು. ಈ ಮೂರು ವರ್ಗಗಳಿಗೂ ಓದುವ, ಬರೆಯುವ, ನಡೆಸುವ ಮೂರು ಅನುಮತಿಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಬೆಲೆ ಕಟ್ಟಿದ್ದಾರೆ.

೪, ೨, ೧ ಎಂಬ ಬೆಲೆಗಳೇ ಏಕೆ? ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ೧, ೨, ೪ ಕಿಲೋ ತೂಕದ ಮೂರೇ ಕಲ್ಲುಗಳಿದ್ದರೆ ೧ರಿಂದ ೭ರವರೆಗಿನ ಯಾವ ಪೂರ್ಣ ತೂಕವನ್ನಾದರೂ ತೂಗಬಹುದು. ಅಷ್ಟೇ ಅಲ್ಲ, ಪ್ರತಿಯೊಂದು ತೂಕಕ್ಕೂ ಕಲ್ಲುಗಳ ಆಯ್ಕೆ ಒಂದೇ ಒಂದು. ೬ ಎಂದೊಡನೆ ೪ ಮತ್ತು ೨ ಎಂದೇ ಅರ್ಥ, ಬೇರೆ ದಾರಿಯಿಲ್ಲ. ಆದಕಾರಣ ಒಂದು ಅಂಕಿಯಿಂದ ಮೂರು ಅನುಮತಿಗಳ ಸ್ಥಿತಿಯೂ ಸಂದೇಹವಿಲ್ಲದೆ ತಿಳಿಯುತ್ತದೆ. ಅಂಕಪಟ್ಟಿಯ ಕಡತಕ್ಕೆ ೬೪೦ ಎಂದು ವಿಧಿಸಿದರೆ, ಒಡೆಯನಾದ ಅಧ್ಯಾಪಕನು ಓದಿ ಬರೆಯಬಲ್ಲನು. ಪರೀಕ್ಷಕರ ಗುಂಪು ಓದಬಲ್ಲದು. ಇತರರಿಗೆ ಏನೂ ಇಲ್ಲ. ತೊಡಕು ಬಂದಾಗಲೆಲ್ಲ ೭೭೭ ಎಂದು ವಿಧಿಸಿ ಕೈತೊಳೆದುಕೊಳ್ಳುವುದು ಹೊಸಬರ ಚಾಳಿ. ಅದು ಬೀಗದ ಕೈ ಕಳೆದಿತೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಒಡೆಯನಿಗೆ ಒಡೆಯನ ಅಂಕಿ ಮಾತ್ರ ಅನ್ವಯಿಸುತ್ತದೆ. ೦೪೪ ಎಂದು ವಿಧಿಸಿದ ಕಡತವನ್ನು ಇತರರು ಓದಬಲ್ಲರು, ಆದರೆ ಸಾಮಾನ್ಯ ಬಳಕೆದಾರನಾದ ಒಡೆಯನು ಓದಲಾರನು! ಎರಡನೆಯದಾಗಿ, ಕಡತವನ್ನು ಅಳಿಸುವ ಅಧಿಕಾರವು ಕಡತದ ಅನುಮತಿಯಿಂದ ಬರುವುದಿಲ್ಲ. ಕಡತದ ಹೆಸರು ದಾಖಲಾಗಿರುವುದು ಅದನ್ನು ಒಳಗೊಂಡ ಡೈರೆಕ್ಟರಿಯಲ್ಲಿ. ಅಳಿಸುವುದೆಂದರೆ ಆ ದಾಖಲೆಯಿಂದ ಹೆಸರನ್ನು ಹೊಡೆದುಹಾಕುವುದು. ಆದ್ದರಿಂದ ಡೈರೆಕ್ಟರಿಯಲ್ಲಿ ಬರೆಯುವ ಮತ್ತು ಅದನ್ನು ಪ್ರವೇಶಿಸುವ ಅನುಮತಿಯುಳ್ಳವನು, ತಾನು ಓದಲೂ ಆಗದ ಕಡತವನ್ನು ಅಳಿಸಬಲ್ಲನು. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿಗೆ ೧೭೭೭ ಎಂದು ನಾಲ್ಕು ಅಂಕಿಗಳನ್ನು ವಿಧಿಸಿ, ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸದಂತೆ ತಡೆದಿರುವುದು ಈ ಕಾರಣದಿಂದಲೇ.

ಕಳೆಯುವ ಲೆಕ್ಕದ ಮೋಸ

ಹೊಸ ಕಡತವು ಹುಟ್ಟುವಾಗ ಸಾಮಾನ್ಯವಾಗಿ ೬೬೬ ಎಂಬ ಅನುಮತಿಯನ್ನು ಕೇಳುತ್ತದೆ. ಅದರಲ್ಲಿ ಯಾವುದನ್ನು ತಡೆಯಬೇಕೆಂದು ಹೇಳುವ ಅಂಕಿಗೆ ಯುಮಾಸ್ಕ್ ಎಂದು ಹೆಸರು. ಯುಮಾಸ್ಕನ್ನು ೬೬೬ರಿಂದ ಕಳೆದರೆ ಉತ್ತರ ಬರುವುದೆಂದು ಅನೇಕರು ಕಲಿಸುತ್ತಾರೆ. ಯುಮಾಸ್ಕ್ ೦೨೨ ಆಗಿದ್ದರೆ ೬೪೪ ಬರುತ್ತದೆ, ಇದು ಸರಿ. ಆದರೆ ೦೨೭ ಆಗಿದ್ದರೆ? ಎಂಟರ ಪದ್ಧತಿಯಲ್ಲಿ ಕಳೆದರೆ ೬೩೭ ಬರುತ್ತದೆ. ಹಾಗಾದರೆ ಇತರರಿಗೆ ಎಲ್ಲ ಅಧಿಕಾರವೂ ದೊರೆಯಬೇಕಷ್ಟೆ! ಇದು ಅಸಂಬದ್ಧ.

ನಿಜವಾಗಿ ಇಲ್ಲಿ ನಡೆಯುವುದು ವ್ಯವಕಲನವಲ್ಲ, ತಡೆ. ಇತರರ ೬ ಎಂದರೆ ೪ ಮತ್ತು ೨. ತಡೆಯಾದ ೭ ಎಂದರೆ ೪, ೨ ಮತ್ತು ೧. ಇದ್ದ ಎರಡೂ ತಡೆಯಲ್ಪಟ್ಟವು, ಉಳಿದದ್ದು ೦. ಗುಂಪಿನ ೬ರಲ್ಲಿ ೨ನ್ನು ತಡೆದರೆ ೪. ಒಡೆಯನಿಗೆ ತಡೆಯಿಲ್ಲ, ೬ ಹಾಗೆಯೇ ಉಳಿಯಿತು. ಉತ್ತರ ೬೪೦. ಇಲ್ಲದ ಅನುಮತಿಯನ್ನು ತಡೆದರೆ ಏನೂ ಆಗುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಸ್ಮೃತಿಯಲ್ಲಿರುವುದು, ತಟ್ಟೆಯಲ್ಲಿರುವುದು

ಇನ್ನು ಎರಡನೆಯ ಅಪಾಯ. ನಿರ್ವಾಹಕನು ಕೊಡುವ ಆಜ್ಞೆಗಳಲ್ಲಿ ಕೆಲವು, ಓಡುತ್ತಿರುವ ತಿರುಳಿನ ಸ್ಥಿತಿಯನ್ನು ಬದಲಾಯಿಸುತ್ತವೆ. ಅವುಗಳ ಪರಿಣಾಮ ಯಂತ್ರ ನಿಲ್ಲುವವರೆಗೆ ಮಾತ್ರ. ಮತ್ತೆ ಕೆಲವು, ತಟ್ಟೆಯ ಮೇಲಿನ ಲೇಖವನ್ನು ಬದಲಾಯಿಸುತ್ತವೆ. ಅವುಗಳ ಪರಿಣಾಮ ಮುಂದಿನ ಚಾಲನೆಯಲ್ಲಿ ಕಾಣುತ್ತದೆ. ವಿದ್ಯುತ್ಕಾಂತಕ್ಕೂ ಸ್ಥಿರಕಾಂತಕ್ಕೂ ಇರುವ ಭೇದವೇ ಇದು: ಪ್ರವಾಹ ನಿಂತೊಡನೆ ಒಂದರ ಗುಣ ಹೋಗುತ್ತದೆ, ಇನ್ನೊಂದರದು ಉಳಿಯುತ್ತದೆ.

ಸಿಸ್ಟಂಸಿಟಿಎಲ್ ಎಂಬ ಆಜ್ಞೆಯಲ್ಲಿ ಸ್ಟಾರ್ಟ್ ಎಂದರೆ ಒಂದು ಸೇವೆಯನ್ನು ಈಗ ಆರಂಭಿಸು ಎಂದು ಮಾತ್ರ ಅರ್ಥ. ಎನೇಬಲ್ ಎಂದರೆ ಪ್ರತಿ ಚಾಲನೆಯಲ್ಲಿಯೂ ಆರಂಭವಾಗಲಿ ಎಂದು ಅರ್ಥ. ಅದರಿಂದ ಸೇವೆಯು ಈ ಕ್ಷಣದಲ್ಲಿ ಆರಂಭವಾಗದು. ಎರಡೂ ಬೇಕಾದಲ್ಲಿ ಎರಡನ್ನೂ ಹೇಳಬೇಕು. ಹಾಗೆಯೇ ಮೌಂಟ್ ಎಂಬ ಆಜ್ಞೆಯಿಂದ ತಟ್ಟೆಯ ಭಾಗವೊಂದನ್ನು ಡೈರೆಕ್ಟರಿಗಳ ವೃಕ್ಷಕ್ಕೆ ಜೋಡಿಸಿದರೆ, ಆ ಜೋಡಣೆ ಮರುಚಾಲನೆಯಲ್ಲಿ ಅಳಿಸಿಹೋಗುತ್ತದೆ. ಅದು ನಿಲ್ಲಬೇಕಾದರೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಆರು ಅಂಕಣಗಳ ಒಂದು ಸಾಲನ್ನು ಬರೆಯಬೇಕು. ಆ ಸಾಲಿನಲ್ಲಿ ದೋಷವಿದ್ದರೆ ಯಂತ್ರವು ಪೂರ್ಣವಾಗಿ ಏಳದೆ ತುರ್ತು ಸ್ಥಿತಿಯಲ್ಲಿ ನಿಂತುಬಿಡಬಹುದು. ಆದುದರಿಂದ ಸಾಲನ್ನು ಬರೆದ ಕೂಡಲೆ ಮೌಂಟ್ ಆಜ್ಞೆಗೆ ‘-ಎ’ ಎಂದು ಸೇರಿಸಿ ಕೊಟ್ಟು ನೋಡಬೇಕು. ಕಡತದಲ್ಲಿರುವುದೆಲ್ಲ ಆಗಲೇ ಜೋಡಣೆಗೊಳ್ಳುವುದರಿಂದ, ಬಹುಪಾಲು ದೋಷಗಳು ಯಂತ್ರ ಎಚ್ಚರವಾಗಿರುವಾಗಲೇ ಹೊರಬೀಳುತ್ತವೆ.

ಅಭ್ಯಾಸದ ರೀತಿ

ಅಭ್ಯಾಸಕ್ಕೆ ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಡೆಬಿಯನ್, ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಮೊದಲಾದ ವಿತರಣೆಗಳು ಉಚಿತವಾಗಿ ದೊರೆಯುತ್ತವೆ. ವರ್ಚುವಲ್‌ಬಾಕ್ಸಿನಂಥ ಸಾಧನದಿಂದ ಒಂದು ಗಣಕಯಂತ್ರದೊಳಗೆ ಇನ್ನೊಂದು ಕಲ್ಪಿತ ಯಂತ್ರವನ್ನು ನಡೆಸಬಹುದು. ಅದರ ಸ್ಥಿತಿಯನ್ನು ಹಾಗೆಯೇ ಉಳಿಸಿಟ್ಟುಕೊಂಡು, ಬೇಕೆಂದೇ ಕೆಡಿಸಿ, ಸರಿಪಡಿಸಲು ಯತ್ನಿಸಿ, ಆಗದಿದ್ದರೆ ಹಿಂದಿನ ಸ್ಥಿತಿಗೆ ಮರಳಬಹುದು. ಎಫ್‌ಎಸ್‌ಟ್ಯಾಬಿನಲ್ಲಿ ತಪ್ಪು ಸಾಲನ್ನು ಬರೆದು ಯಂತ್ರವನ್ನು ತುರ್ತು ಸ್ಥಿತಿಗೆ ತಂದು ಮತ್ತೆ ಎಬ್ಬಿಸಿದವನಿಗೆ ಪರೀಕ್ಷೆಯಲ್ಲಿ ಆ ಪರದೆ ಕಂಡರೆ ಗಾಬರಿಯಾಗದು.

ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಒಂದು ಪುಸ್ತಕವನ್ನಿಡಿ. ಉದ್ದೇಶ, ಕೊಟ್ಟ ಆಜ್ಞೆ, ಕಂಡ ಫಲಿತ, ಮರುಚಾಲನೆಯ ನಂತರದ ಫಲಿತ ಎಂದು ನಾಲ್ಕು ಅಂಕಣಗಳಿರಲಿ. ನಾಲ್ಕನೆಯದು ಖಾಲಿಯಾಗಿರುವವರೆಗೆ ಪ್ರಯೋಗ ಮುಗಿಯಿತೆಂದು ಎಣಿಸಬೇಡಿ.

ಮ್ಯಾನ್ ಎಂಬ ಆಜ್ಞೆಯಿಂದ ತೆರೆಯುವ ಕೈಪಿಡಿಯನ್ನು ಓದುವ ರೂಢಿ ಅತ್ಯಗತ್ಯ. ಅದರ ೧ನೆಯ ಭಾಗದಲ್ಲಿ ಬಳಕೆದಾರರ ಆಜ್ಞೆಗಳು, ೫ನೆಯದರಲ್ಲಿ ಕಡತಗಳ ರಚನೆ, ೮ನೆಯದರಲ್ಲಿ ನಿರ್ವಾಹಕರ ಆಜ್ಞೆಗಳು ಇವೆ. ಇಂಗ್ಲಿಷಿನಲ್ಲಿದೆಯೆಂದು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ಅಲ್ಲಿ ಬಳಸಿರುವ ಪದಗಳು ಮೇಲಿಂದ ಮೇಲೆ ಬರುವಂಥವು. ದಿನಕ್ಕೊಂದು ಪುಟದಂತೆ ಓದಿದರೆ ಕೆಲವು ವಾರಗಳಲ್ಲಿ ಪರಿಚಿತವಾಗುತ್ತವೆ.

ಎಲ್.ಪಿ.ಐ.ಸಿ.-೧ ಪ್ರಮಾಣಪತ್ರದ ಅವಧಿ ೫ ವರ್ಷ, ಆರ್.ಎಚ್.ಸಿ.ಎಸ್.ಎ.ಯದು ೩ ವರ್ಷ. ಬಳಿಕ ನವೀಕರಿಸಬೇಕು. ಆಜ್ಞೆಗಳ ಹೆಸರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುವುದರಿಂದ ಇದು ನ್ಯಾಯವೇ. ಆದರೆ ತಡೆಯ ಲೆಕ್ಕವನ್ನೂ, ಸ್ಮೃತಿಗೂ ತಟ್ಟೆಗೂ ಇರುವ ಭೇದವನ್ನೂ ಒಮ್ಮೆ ಅರಿತವರು ಆ ಹೊಸ ಹೆಸರುಗಳನ್ನು ಬೇಗನೆ ಕಲಿಯಬಲ್ಲರು.

ವಾಚಕರ ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳು: (೧) ಹೊಸ ಡೈರೆಕ್ಟರಿಯು ೭೭೭ ಎಂದು ಕೇಳುತ್ತದೆ. ಯುಮಾಸ್ಕ್ ೦೭೭ ಆಗಿದ್ದರೆ ಹೊಸ ಡೈರೆಕ್ಟರಿಗೂ ಹೊಸ ಕಡತಕ್ಕೂ ದೊರೆಯುವ ಅನುಮತಿಗಳೇನು? (೨) ಎನೇಬಲ್ ಆಗಿರದ ಸೇವೆಯೊಂದನ್ನು ಸ್ಟಾರ್ಟ್ ಎಂದು ಆರಂಭಿಸಿ ಯಂತ್ರವನ್ನು ಮರುಚಾಲನೆ ಮಾಡಿದರೆ, ಆ ಸೇವೆ ತಾನಾಗಿ ಏಳುವುದೆ?

ಉತ್ತರ: (೧) ಡೈರೆಕ್ಟರಿಗೆ ೭೦೦, ಕಡತಕ್ಕೆ ೬೦೦. (೨) ಬೇರೊಂದು ಸೇವೆಯು ಅದನ್ನು ಕರೆಯದ ಹೊರತು ಏಳದು.