‘ಒತ್ತುವರಿ’ ಅಂತ ಹೇಳಿದ್ದು ಯಾರು?

ತಾಲ್ಲೂಕು ವರದಿಗಾರರೊಬ್ಬರ ಪತ್ರವಿದು. ಮನೆ ಕೆಡವಲು ಜೆಸಿಬಿ ಬಂದ ದಿನ ಸರ್ಕಾರಿ ಕಚೇರಿಯ ಪ್ರಕಟಣೆಯನ್ನೇ ತುಸು ತಿದ್ದಿ ಪತ್ರಿಕೆಗೆ ಕಳಿಸಿದರಂತೆ. ಮರುದಿನ ‘ಒತ್ತುವರಿ ತೆರವು’ ಎಂಬ ತಲೆಬರಹ. ಮನೆ ಕಳೆದುಕೊಂಡ ಅಜ್ಜಿಯೊಬ್ಬರು ಆ ಪೇಪರನ್ನೇ ಹಿಡಿದು ಬಂದು, ‘ಒತ್ತುವರಿ ಅಂತ ನಿಮಗೆ ಯಾರು ಹೇಳಿದ್ದು ಸ್ವಾಮಿ?’ ಎಂದರು. ಈಗೇನು ಮಾಡಲಿ ಎಂಬುದು ವರದಿಗಾರರ ಪ್ರಶ್ನೆ.

ಅಜ್ಜಿ ಕೇಳಿದ್ದನ್ನೇ ವರದಿಗಾರರು ಆ ಕಚೇರಿಯಲ್ಲಿ ಕೇಳಬೇಕಿತ್ತು.

ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ನೀಡಿದ ತೀರ್ಪಿನಂತೆ, ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ಬೇಕು. ಅದು ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಕಟ್ಟಡಕ್ಕೂ ಅಂಟಿಸಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿ, ಕೆರೆ-ನದಿಯ ಜಾಗಕ್ಕೆ ಈ ರಕ್ಷಣೆಯಿಲ್ಲ. ಹಾಗಾಗಿ ಜಾಗ ಗೋಮಾಳವೋ ಕೆರೆಯಂಗಳವೋ ಎಂಬುದನ್ನು ಸರ್ವೆ ನಂಬರ್ ಹಿಡಿದು ಪಹಣಿಯಲ್ಲಿ ನೋಡದೆ ‘ಒತ್ತುವರಿ’ ಎಂದು ಬರೆಯುವಂತಿಲ್ಲ.

ಒಂದೇ ದಿನದ ಭೇಟಿಯೂ ಸಾಲದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನ ವಿರೋಧಿಸಿ ರೈತರು ಧರಣಿ ಕೂತದ್ದು 2022ರ ಏಪ್ರಿಲ್‌ನಲ್ಲಿ. ಸರ್ಕಾರ ಕೈಬಿಟ್ಟದ್ದು 2025ರ ಜುಲೈ 15ರಂದು. ನಡುವಿನ ಮೂರು ವರ್ಷದ ಕಥೆ, ಗಲಾಟೆಯಾದ ದಿನ ಮಾತ್ರ ಕ್ಯಾಮೆರಾ ಹೊತ್ತು ಹೋದವರಿಗೆ ದಕ್ಕುವಂಥದ್ದಲ್ಲ.

ಈ ವರದಿಗಾರರು ಅಜ್ಜಿಯ ಬಳಿಗೆ ಮತ್ತೆ ಹೋಗಲಿ. ನೋಟಿಸ್ ಬಂದಿತ್ತೇ, ಯಾವ ತಾರೀಖಿನದು ಎಂಬಲ್ಲಿಂದ ಹೊಸ ವರದಿ ಶುರುವಾಗಲಿ. ತಪ್ಪಾಗಿದ್ದರೆ ತಿದ್ದುಪಡಿ ಒಳಪುಟದ ಮೂಲೆ ಸೇರದೆ, ಆ ತಲೆಬರಹ ಬಂದ ಪುಟದಲ್ಲೇ ಬರಲಿ.